ಎರಡೂವರೆ ವರ್ಷದಿಂದ ಓದುತ್ತಿದ್ದೇನೆ: ನಿಲ್ಲಿಸಲೇ, ಮುಂದುವರಿಸಲೇ?

ಎಡದಂಡೆ, ಸಿಂಧನೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು 2023ರಲ್ಲಿ ಬಿ.ಎ. ಮುಗಿಸಿದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಅಂದಿನಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವುದೇ ನನ್ನ ಉದ್ಯೋಗ. ಮೊದಲ ಹದಿನಾಲ್ಕು ತಿಂಗಳು ಧಾರವಾಡದ ಸಪ್ತಾಪುರದಲ್ಲಿದ್ದೆ, ಒಂದು ಕೋಣೆಯಲ್ಲಿ ನಾಲ್ವರು. ಖರ್ಚು ತಾಳಲಾರದೆ ರಾಯಚೂರಿಗೆ ಬಂದೆ. ಇಲ್ಲಿ ಓದುವ ಕೇಂದ್ರವೊಂದರಲ್ಲಿ ತಿಂಗಳಿಗೆ ಆರು ನೂರು ರೂಪಾಯಿ ಕೊಟ್ಟು ಒಂದು ಕುರ್ಚಿ ಹಿಡಿದಿದ್ದೇನೆ. ಸಂಖ್ಯೆ 38. ಬೆಳಿಗ್ಗೆ ಎಂಟಕ್ಕೆ ಕೂತರೆ ರಾತ್ರಿ ಒಂಬತ್ತಕ್ಕೆ ಏಳುತ್ತೇನೆ.

ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆಯಲ್ಲಿ ಒಂದೂವರೆ ಅಂಕದಿಂದ ಕೈತಪ್ಪಿತು. ಒಂದು ತಪ್ಪಿಗೆ ಕಾಲು ಅಂಕ ಕಳೆಯುತ್ತಾರೆ. ಗೊತ್ತಿಲ್ಲದ ಏಳು ಪ್ರಶ್ನೆಗಳನ್ನು ಸುಮ್ಮನೆ ಬಿಟ್ಟಿದ್ದರೂ ಸಾಕಾಗುತ್ತಿತ್ತು. ಈ ಲೆಕ್ಕವನ್ನು ದಿನಕ್ಕೊಮ್ಮೆಯಾದರೂ ಮಾಡುತ್ತೇನೆ.

ಸರ್ಕಾರದ ಯುವನಿಧಿ ನಿರುದ್ಯೋಗ ಭತ್ಯೆಯ ಮೂರು ಸಾವಿರದಲ್ಲಿ ಇಷ್ಟು ದಿನ ಊಟ, ಕುರ್ಚಿ ಎಲ್ಲ ಹೇಗೋ ನಡೆಯಿತು. ಎರಡು ವರ್ಷದ ಅವಧಿ ಡಿಸೆಂಬರಿಗೆ ಮುಗಿಯುತ್ತದೆ. ಆ ಹಣ ಬರಬೇಕಾದರೆ ‘ನಾನು ಈಗಲೂ ನಿರುದ್ಯೋಗಿ, ಮುಂದೆ ಓದುತ್ತಲೂ ಇಲ್ಲ’ ಎಂದು ನಾವೇ ಘೋಷಿಸಿಕೊಳ್ಳಬೇಕು. ಮೊದಲ ಸಲ ಆ ಗುಂಡಿ ಒತ್ತುವಾಗ ನಗು ಬಂದಿತ್ತು. ಈಗ ಬರುವುದಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ ಗೇಟು ಕೊಚ್ಚಿಹೋಯಿತಲ್ಲ, ಮರುದಿನ ಬೆಳಿಗ್ಗೆ ನಾವೆಲ್ಲ ಪ್ರಚಲಿತ ವಿದ್ಯಮಾನದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆವು: ಒಟ್ಟು ಗೇಟು 33, ಹೋದದ್ದು 19ನೆಯದು. ಅಷ್ಟರಲ್ಲಿ ಅಪ್ಪ ಫೋನ್ ಮಾಡಿದರು. ನಮ್ಮದು ಆರು ಎಕರೆ, ಕಾಲುವೆಯ ಕೊನೆ ಭಾಗ. ‘ನೀರು ಎಷ್ಟು ದಿನ ಬರುತ್ತದೆ, ಸಸಿ ಹಚ್ಚಲೋ ಬೇಡವೋ?’ ಎಂದು ಕೇಳಿದರು. ನನ್ನ ಹತ್ತಿರ ಗೇಟಿನ ಸಂಖ್ಯೆ ಇತ್ತು. ಅವರು ಕೇಳಿದ್ದು ಅದನ್ನಲ್ಲ.

ಊರಿಗೆ ಹೋದರೆ ಬಸ್ ಇಳಿದ ತಕ್ಷಣ ‘ಈಗ ಏನು ಮಾಡುತ್ತಿದ್ದೀ?’ ಎನ್ನುತ್ತಾರೆ. ಆದ್ದರಿಂದ ಕತ್ತಲಾದ ಮೇಲೆ ಮುಟ್ಟುವ ಬಸ್ಸನ್ನೇ ಹಿಡಿಯುತ್ತೇನೆ. ನನಗೀಗ ಇಪ್ಪತ್ತನಾಲ್ಕು. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಪಂಚಾಯಿತಿ ಬಾಗಿಲು, ಲಿಂಗಸುಗೂರು

ತಮ್ಮಾ, ಒಂದೂವರೆ ಅಂಕದಿಂದ ತಪ್ಪಿಸಿಕೊಂಡವನಿಗೆ ಬಿಟ್ಟುಬಿಡು ಎಂದು ನಾನಂತೂ ಹೇಳುವುದಿಲ್ಲ. ನಾಲ್ಕನೆಯ ಸಲಕ್ಕೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆದವನು ನಾನು. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸಂವಿಧಾನದ 371ಜೆ ವಿಧಿ ಇದೆ ಎಂಬುದನ್ನು ಮರೆಯಬೇಡ. 2012ರ 98ನೇ ತಿದ್ದುಪಡಿಯಿಂದ ಬಂದದ್ದು. ಇಲ್ಲಿನ ಸ್ಥಳೀಯ ವೃಂದದಲ್ಲಿ ಗ್ರೂಪ್ ಬಿ ಹುದ್ದೆಗಳಲ್ಲಿ ಶೇ 75, ಸಿಯಲ್ಲಿ ಶೇ 80, ಡಿಯಲ್ಲಿ ಶೇ 85 ನಮ್ಮವರಿಗೇ ಮೀಸಲು. ನಮ್ಮ ಅಪ್ಪಂದಿರ ಕಾಲದಲ್ಲಿ ಇದು ಇರಲಿಲ್ಲ. ಹಾಗೆಂದು ಹಿಗ್ಗಲೂ ಬೇಡ. ನಿನ್ನ ಎಡಬಲದ 37, 39ನೇ ಕುರ್ಚಿಯವರ ಹತ್ತಿರವೂ ಅದೇ ಪ್ರಮಾಣಪತ್ರ ಇರುತ್ತದೆ.

ಅಂದ ಹಾಗೆ ಆ ಅರ್ಹತಾ ಪ್ರಮಾಣಪತ್ರವನ್ನು ಇವತ್ತೇ ತೆಗೆದು ನೋಡು. ಸಹಾಯಕ ಆಯುಕ್ತರ ಕಚೇರಿಯಲ್ಲಿ ಕೊಟ್ಟದ್ದರಲ್ಲಿ ಹೆಸರು ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಇರುವಂತೆಯೇ ಇದೆಯೇ? ನನ್ನ ಜೊತೆಯವನೊಬ್ಬ ಇನಿಶಿಯಲ್ ಹಿಂದುಮುಂದಾದದ್ದಕ್ಕೆ ದಾಖಲೆ ಪರಿಶೀಲನೆಯ ದಿನ ಅಳುಮುಖ ಮಾಡಿಕೊಂಡು ಓಡಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನು ನೌಕರಿಯ ವಿಷಯ. ಸಂಬಳ ಬರುತ್ತದೆ, ತಂಗಿಯ ಮದುವೆ ಮಾಡಿದೆ, ಆ ನೆಮ್ಮದಿ ಸುಳ್ಳಲ್ಲ. ಆದರೆ ಏಪ್ರಿಲ್ ತಿಂಗಳಲ್ಲಿ ದಿನಕ್ಕೆ ಮೂವತ್ತು ಕರೆ ಬಂದರೆ ಇಪ್ಪತ್ತೈದು ನೀರಿನವು. ಕೊಳವೆಬಾವಿಯ ಮೋಟಾರು ಸುಟ್ಟರೆ ರಾತ್ರಿ ಹತ್ತಕ್ಕೂ ಬಾಗಿಲು ಬಡಿಯುತ್ತಾರೆ. ಪಂಚಾಯತ್ ರಾಜ್ ಅಧಿನಿಯಮ 1993ನ್ನು ಕಲಂ ಸಮೇತ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಮೋಟಾರು ಕಟ್ಟುವವನ ಫೋನ್ ಸಂಖ್ಯೆ ಮಾತ್ರ ಯಾವ ಕಲಮಿನಲ್ಲೂ ಇರಲಿಲ್ಲ. ನೀನು ಬಯಸುತ್ತಿರುವ ಕೆಲಸವನ್ನು ಒಂದು ದಿನವಾದರೂ ಪಕ್ಕದಲ್ಲಿ ಕೂತು ನೋಡಿದ್ದೀಯಾ? ನಮ್ಮವರಲ್ಲಿ ಪಠ್ಯಕ್ರಮ ನೋಡಿದವರೇ ಹೆಚ್ಚು, ಕೆಲಸ ನೋಡಿದವರು ಕಡಿಮೆ.

ಹಂಪಿ ಎಕ್ಸ್‌ಪ್ರೆಸ್, ಮೂಲ ಕೊಪ್ಪಳ

ಯಾರೂ ಬೆಂಗಳೂರಿನ ಹೆಸರು ಎತ್ತಲಿಲ್ಲವಲ್ಲ, ಆಶ್ಚರ್ಯ. ನಾನೂ ಬಿ.ಎ. ಹಿಡಿದುಕೊಂಡೇ ರೈಲು ಹತ್ತಿದವನು. ಮೊದಲು ಸಿಕ್ಕಿದ್ದು ಗೋದಾಮಿನಲ್ಲಿ ಪೊಟ್ಟಣ ಎಣಿಸುವ ಕೆಲಸ, ಹದಿನೆಂಟು ಸಾವಿರ. ಬಾಡಿಗೆ, ಊಟ, ಬಸ್ಸು ಕಳೆದರೆ ಊರಿಗೆ ಕಳಿಸಲು ಎರಡು ಸಾವಿರ ಉಳಿದರೆ ಪುಣ್ಯ. ಮೂರನೆಯ ವರ್ಷ ಪಾಳಿಯ ಮೇಲ್ವಿಚಾರಕನಾದೆ. ಈಗ ಪರವಾಗಿಲ್ಲ. ಬಂದುಬಿಡು ತಮ್ಮಾ. ಇಲ್ಲಿ ‘ಏನು ಮಾಡುತ್ತಿದ್ದೀ’ ಎಂದು ಕೇಳುವವರೇ ಇಲ್ಲ.

ಕಾರಟಗಿ ಚೀಲ

ಕೇಳುವವರೇ ಇಲ್ಲದಿರುವುದನ್ನು ಇವರು ಅನುಕೂಲ ಎಂದು ಹೇಳುತ್ತಿದ್ದಾರೆ. ಇರಲಿ.

ನಾನು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು, ಇಪ್ಪತ್ತೆರಡು ವರ್ಷವಾಯಿತು. ಭತ್ತ ಬೆಳೆಯುವ ಮನೆಯ ಹುಡುಗ ನೀನು. ನಿಮ್ಮಪ್ಪನ ಭತ್ತಕ್ಕೆ ದರ ಹೇಗೆ ಕಟ್ಟುತ್ತಾರೆ, ನಿನಗೆ ಗೊತ್ತೇ? ನಮ್ಮಲ್ಲಿ ವ್ಯಾಪಾರ 75 ಕೆಜಿ ಚೀಲದ ಲೆಕ್ಕದಲ್ಲಿ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿನ ಲೆಕ್ಕದಲ್ಲಿ, ಅದೂ ತೇವಾಂಶ ಶೇ 17ರೊಳಗೆ ಇದ್ದರೆ. ಯಂತ್ರದಲ್ಲಿ ಕೊಯ್ದ ಭತ್ತ ಗದ್ದೆಯಿಂದ ನೇರ ಬಂದರೆ ಇಪ್ಪತ್ತರ ಮೇಲೆಯೇ ಇರುತ್ತದೆ. ರಸ್ತೆಯ ಮೇಲೆ ಎರಡು ದಿನ ಒಣಗಿಸಿ ತಂದವನಿಗೂ ಹಸಿ ತಂದವನಿಗೂ ಚೀಲಕ್ಕೆ ಎಷ್ಟು ವ್ಯತ್ಯಾಸ ಎಂಬುದನ್ನು ನಿರ್ಧರಿಸುವುದು ಅಂಗೈಯಗಲದ ಒಂದು ಮೀಟರು. ಮತ್ತು ಅದನ್ನು ಹಿಡಿದವನ ಮನಸ್ಸು.

ಈ ಹಂಗಾಮಿಗೆ ನಮಗೆ ಅಂಥ ಒಬ್ಬ ಬೇಕು. ಲಾರಿ, ಟ್ರ್ಯಾಕ್ಟರ್ ಬಂದಾಗ ಮಾದರಿ ತೆಗೆಯುವುದು, ತೇವಾಂಶ ನೋಡುವುದು, ಅಕ್ಕಿ, ನುಚ್ಚು, ತೌಡು ಎಷ್ಟೆಷ್ಟು ಬಿತ್ತು ಎಂದು ದಿನದ ಕೊನೆಗೆ ಬರೆಯುವುದು. ತಿಂಗಳಿಗೆ ಹದಿನಾಲ್ಕು ಸಾವಿರ, ಮಧ್ಯಾಹ್ನದ ಊಟ. ನವೆಂಬರಿನಿಂದ ಸಂಕ್ರಾಂತಿಯವರೆಗೆ. ಬಿ.ಎ. ಆದರೂ ಒಂದೇ, ಆಗದಿದ್ದರೂ ಒಂದೇ. ಮೀಟರು ತೋರಿಸಿದ್ದನ್ನೇ ಬರೆಯುವವನಾಗಬೇಕು. ಇಷ್ಟು ದಿನ ಇದ್ದವನು ಹಾಗೆ ಬರೆಯಲಿಲ್ಲ, ಅದಕ್ಕೇ ಜಾಗ ಖಾಲಿ ಇದೆ.

ಎಡದಂಡೆ

ಸರ್, ತಪ್ಪು ತಿಳಿಯಬೇಡಿ. ಗಿರಣಿಗೆ ಹೋಗಲು ಮೂರು ವರ್ಷ ಪದವಿ ಯಾಕೆ ಓದಬೇಕಿತ್ತು ಎಂದು ನಮ್ಮಪ್ಪ ಕೇಳಲಾರರು, ಊರು ಕೇಳುತ್ತದೆ. ನನ್ನನ್ನು ಓದಿಸಲು ಅಪ್ಪ ಎರಡು ಎತ್ತು ಮಾರಿದ್ದಾರೆ.

ಕೌಲ್ ಬಜಾರ್ ಸೂಜಿ, ಬಳ್ಳಾರಿ

ಎಡದಂಡೆ, ನಿನಗೆ ಎರಡೂವರೆ ವರ್ಷ ಕೊಟ್ಟಿದ್ದಾರೆ. ನನಗೆ ಮನೆಯಲ್ಲಿ ಕೊಟ್ಟದ್ದು ಎಂಟು ತಿಂಗಳು. ‘ಯುಗಾದಿಯೊಳಗೆ ನೌಕರಿ, ಇಲ್ಲದಿದ್ದರೆ ವರ’ ಎಂದು ನಮ್ಮ ದೊಡ್ಡಪ್ಪ ತೀರ್ಪು ಕೊಟ್ಟುಬಿಟ್ಟರು. ಬಿ.ಕಾಂ. ಓದಿದ್ದೆ, ಬ್ಯಾಂಕ್ ಪರೀಕ್ಷೆಯ ಕನಸಿತ್ತು. ಎಂಟು ತಿಂಗಳಲ್ಲಿ ಏನಾಗುತ್ತದೆ? ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಲೆಕ್ಕ ಬರೆಯಲು ಸೇರಿದೆ. ನೌಕರಿ ಎಂದು ದೊಡ್ಡಪ್ಪನಿಗೆ ಹೇಳಿದೆ, ಎಷ್ಟು ಸಂಬಳ ಎಂದು ಹೇಳಲಿಲ್ಲ.

ಆರು ತಿಂಗಳು ಲೆಕ್ಕ ಬರೆದರೆ ಸಾಕು, ಹಣ ಎಲ್ಲಿ ಸೋರುತ್ತದೆ ಎಂದು ಗೊತ್ತಾಗುತ್ತದೆ. ಕಾಜಾ ಹಾಕಲು, ಗುಂಡಿ ಹಚ್ಚಲು, ದಾರದ ತುದಿ ಕತ್ತರಿಸಲು ತುಣುಕಿಗೆ ಇಷ್ಟು ಎಂದು ಹೊರಗೆ ಕೊಡುತ್ತಿದ್ದರು. ತೊಳೆಯುವ ಘಟಕಕ್ಕೆ ಹೋದ ಪ್ಯಾಂಟುಗಳಲ್ಲಿ ನೂರಕ್ಕೆ ಮೂರೋ ನಾಲ್ಕೋ ಜೇಬಿನ ಮೂಲೆ ಬಿಚ್ಚಿಕೊಂಡು ವಾಪಸು ಬರುತ್ತಿದ್ದವು. ಜೇಬಿನ ಮೂಲೆಗೆ ಒತ್ತಾಗಿ ಹಾಕುವ ಗಟ್ಟಿ ಹೊಲಿಗೆ ಇದೆಯಲ್ಲ, ಅದೊಂದೇ ಕೆಲಸಕ್ಕೆ ಒಂದು ಯಂತ್ರ ಬೇಕು. ನಮ್ಮ ಓಣಿಯಲ್ಲಿ ಅದು ಇದ್ದವರು ಇಬ್ಬರೇ. ಮೂರನೆಯವಳು ನಾನಾದೆ.

ಸಾಲದ ಬಗ್ಗೆ ಕೇಳುವವರಿಗೆ: ಪಿಎಂಇಜಿಪಿ ಎಂದು ಇದೆ, ಸ್ವಂತ ಉದ್ಯೋಗ ಹೂಡುವವರಿಗೆ ಕೇಂದ್ರ ಸರ್ಕಾರದ ಸಾಲ, ಸಹಾಯಧನದ ಯೋಜನೆ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಮಹಿಳೆಯರು ವಿಶೇಷ ವರ್ಗದಲ್ಲಿ ಬರುತ್ತಾರೆ, ನಮ್ಮ ಕೈಯಿಂದ ಹಾಕಬೇಕಾದದ್ದು ಯೋಜನಾ ವೆಚ್ಚದ ಶೇ 5, ಸಹಾಯಧನ ನಗರದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35. ಸಾಮಾನ್ಯ ವರ್ಗದ ಗಂಡಸರಿಗೆ ಕೈಯಿಂದ ಶೇ 10, ಸಹಾಯಧನ ಶೇ 15 ಅಥವಾ 25. ಓದಲು ಚೆನ್ನಾಗಿದೆ. ಬ್ಯಾಂಕೊಂದರಲ್ಲಿ ನನ್ನ ಅರ್ಜಿಯನ್ನು ಎರಡು ಸಲ ಹಿಂದಕ್ಕೆ ಕಳಿಸಿದರು. ಎರಡನೆಯ ಸಲ ವ್ಯವಸ್ಥಾಪಕರು ‘ಮದುವೆಯಾಗಿ ಹೋದರೆ ಕಂತು ಯಾರು ಕಟ್ಟುತ್ತಾರೆ?’ ಎಂದು ಕೇಳಿದರು. ಮೂರನೆಯ ಸಲಕ್ಕೆ ಆರು ತಿಂಗಳ ಲೆಕ್ಕದ ಪುಸ್ತಕವನ್ನೇ ಮೇಜಿನ ಮೇಲೆ ಇಟ್ಟೆ. ಬಿ.ಕಾಂ. ಉಪಯೋಗಕ್ಕೆ ಬಂದದ್ದು ಅಲ್ಲಿ.

ಇದು ನಾನು ಬಯಸಿದ ದಾರಿಯೇ? ಅಲ್ಲ. ಕರೆಂಟು ಹೋದ ದಿನ ಈಗಲೂ ಬ್ಯಾಂಕಿನ ಕುರ್ಚಿ ನೆನಪಾಗುತ್ತದೆ. ಎತ್ತು ಮಾರಿದ ಮಾತು ಹೇಳಿದೆಯಲ್ಲ, ನಮ್ಮ ಮನೆಯಲ್ಲಿ ನನಗಾಗಿ ಯಾರೂ ಏನನ್ನೂ ಮಾರಲಿಲ್ಲ. ಅದರಿಂದ ಒಂದು ಲಾಭವಾಯಿತು. ಯಾರ ಋಣವನ್ನೂ ತೀರಿಸುವ ಕೆಲಸ ಹುಡುಕಬೇಕಾಗಲಿಲ್ಲ.

ಡಿಪ್ಲೊಮಾ ಎಲೆಕ್ಟ್ರಿಕಲ್

ಎಡದಂಡೆಗಲ್ಲ, ಇಲ್ಲಿ ಓದುತ್ತಿರುವ ಐಟಿಐ, ಡಿಪ್ಲೊಮಾ ಹುಡುಗರಿಗೆ ಒಂದು ಮಾತು. ದೊಡ್ಡ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ತರಬೇತಿ ಖಂಡಿತ ಮಾಡಿ, ಕೈಗೆ ಕೆಲಸ ಹತ್ತುತ್ತದೆ. ಆದರೆ ವರ್ಷ ಮುಗಿದ ಮೇಲೆ ಕಾಯಂ ಮಾಡಿಕೊಳ್ಳುತ್ತಾರೆ ಎಂದು ಗೇಟಿನ ಹೊರಗೆ ಹೇಳುವ ಮಧ್ಯವರ್ತಿಗೆ ಹಣ ಕೊಡಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಹಾಗೆ ಕಡ್ಡಾಯವಿಲ್ಲ. ನಾನು ಕೊಟ್ಟೆ. ಇಪ್ಪತ್ತು ಸಾವಿರ. ಅವನ ಫೋನ್ ಇವತ್ತಿಗೂ ಸ್ವಿಚ್ ಆಫ್.

ನಿವೃತ್ತ ಮೇಷ್ಟ್ರು, ಕುಷ್ಟಗಿ

ಎಲ್ಲವನ್ನೂ ಓದಿದೆ. ‘ನಿನ್ನ ಆಸಕ್ತಿ ಯಾವುದರಲ್ಲಿದೆಯೋ ಅದನ್ನೇ ಮಾಡು’ ಎಂದು ಇದುವರೆಗೆ ಯಾರೂ ಹೇಳಲಿಲ್ಲ, ಸಮಾಧಾನ. ಕಾಲೇಜುಗಳಿಗೆ ಬಂದು ಭಾಷಣ ಮಾಡುವವರು ಅದನ್ನೇ ಹೇಳಿ ಶಾಲು ಹೊದ್ದುಕೊಂಡು ಹೋಗುತ್ತಾರೆ. ನಮ್ಮದು ಮಳೆ ನಂಬಿದ ತಾಲ್ಲೂಕು. 1972ರ ಬರದಲ್ಲಿ ನಮ್ಮಪ್ಪ ಕಾಮಗಾರಿಯಲ್ಲಿ ಮಣ್ಣು ಹೊತ್ತರು. ಅವರ ಆಸಕ್ತಿ ಭಜನೆಯಲ್ಲಿತ್ತು. ಹಗಲು ಮಣ್ಣು ಹೊತ್ತು ರಾತ್ರಿ ತಾಳ ಹಿಡಿಯುತ್ತಿದ್ದರು. ಹಾಗೆಂದು ಆ ಕಾಲವೇ ಚೆನ್ನಾಗಿತ್ತು ಎನ್ನುವ ಮುದುಕ ನಾನಲ್ಲ. ಅವರ ಬೆನ್ನು ಕೊನೆಯವರೆಗೂ ನೆಟ್ಟಗಾಗಲಿಲ್ಲ.

ಮಗೂ, ನನ್ನದು ಒಂದೇ ಪ್ರಶ್ನೆ. ಎಂಟರಿಂದ ಒಂಬತ್ತರವರೆಗೆ, ಅಂದರೆ ಹದಿಮೂರು ಗಂಟೆ ಕುರ್ಚಿಯಲ್ಲಿ ಇರುತ್ತೇನೆ ಎಂದೆ. ಅದರಲ್ಲಿ ಓದುವುದು ಎಷ್ಟು? ಮೂವತ್ತಮೂರು ವರ್ಷ ಪಾಠ ಮಾಡಿದ್ದೇನೆ, ಹದಿಮೂರು ಗಂಟೆ ಓದುವ ಹುಡುಗನನ್ನು ನೋಡಿಲ್ಲ. ಒಂದು ವಾರ ಚೀಟಿಯಲ್ಲಿ ಗೀಟು ಹಾಕಿಕೊಂಡು ಬಾ. ಅರ್ಧ ಗಂಟೆ ನಿಜವಾಗಿ ಓದಿದರೆ ಒಂದು ಗೀಟು. ಯಾರಿಗೂ ತೋರಿಸಬೇಡ. ಲೆಕ್ಕ ಬಂದ ಮೇಲೆ ನಿಲ್ಲಿಸುವ, ಮುಂದುವರಿಸುವ ಮಾತು.

ಹಂಪಿ ಎಕ್ಸ್‌ಪ್ರೆಸ್

ಮೇಷ್ಟ್ರೇ, ಅವನು ಸೋತು ಬಂದು ಕೇಳುತ್ತಿದ್ದಾನೆ, ನೀವು ಮನೆಗೆಲಸ ಕೊಡುತ್ತಿದ್ದೀರಿ.

ನಿವೃತ್ತ ಮೇಷ್ಟ್ರು, ಕುಷ್ಟಗಿ

ಹೌದು, ಕೊಡುತ್ತಿದ್ದೇನೆ.

ಎಡದಂಡೆ

ಒಂಬತ್ತು ದಿನವಾಯಿತು. ಯಾರಿಗೂ ತೋರಿಸಬೇಡ ಎಂದಿದ್ದರು, ಆದರೂ ಹೇಳಿಬಿಡುತ್ತೇನೆ. ಏಳು ದಿನಕ್ಕೆ ಐವತ್ತೊಂದು ಗೀಟು. ದಿನಕ್ಕೆ ನಾಲ್ಕು ಗಂಟೆಯೂ ಪೂರ್ತಿ ಆಗುವುದಿಲ್ಲ. ಉಳಿದ ಒಂಬತ್ತು ಗಂಟೆ ಮೊಬೈಲ್, ಚಹಾ, ಮತ್ತು ಪರೀಕ್ಷೆ ಮುಂದಕ್ಕೆ ಹೋಗುತ್ತದೆಯೋ ಇಲ್ಲವೋ ಎಂಬ ಚರ್ಚೆ. ಆ ಚರ್ಚೆ ಮಾಡುವಾಗಲೂ ಓದುತ್ತಿದ್ದೇನೆ ಎಂದೇ ಅನ್ನಿಸುತ್ತಿತ್ತು.

ಇನ್ನೊಂದು ಕೆಲಸವನ್ನೂ ಮಾಡಿದೆ. ಊರಿಗೆ ಹೋಗಿ ನಮ್ಮ ಗ್ರಾಮ ಆಡಳಿತ ಅಧಿಕಾರಿಯ ಜೊತೆ ಒಂದು ದಿನ ತಿರುಗಾಡಿದೆ. ಬೆಳೆ ಹಾನಿಯ ಅರ್ಜಿ, ಪಹಣಿಯಲ್ಲಿ ಸತ್ತವರ ಹೆಸರು, ಅಣ್ಣತಮ್ಮಂದಿರ ಬದುವಿನ ಜಗಳ. ಬದುವಿನ ಜಗಳದಲ್ಲಿ ಅವರು ಎರಡು ಗಂಟೆ ನಿಂತೇ ಇದ್ದರು. ಸಿಟ್ಟಿಗೇಳಲಿಲ್ಲ, ಬಿಟ್ಟೂ ಹೋಗಲಿಲ್ಲ. ನನಗೆ ಆ ಕೆಲಸ ನಿಜವಾಗಿಯೂ ಬೇಕು ಎನ್ನಿಸಿತು. ಇದುವರೆಗೆ ಬೇಕಾಗಿದ್ದದ್ದು ನೇಮಕಾತಿ ಪಟ್ಟಿಯಲ್ಲಿ ಹೆಸರು ಮಾತ್ರ.

ಕಾರಟಗಿ ಸರ್, ಆ ಜಾಗ ಇನ್ನೂ ಖಾಲಿ ಇದೆಯೇ? ಬೆಳಿಗ್ಗೆ ಐದರಿಂದ ಒಂಬತ್ತು ಓದಲು ಬಿಟ್ಟರೆ ಸಾಕು. ಈಗ ಓದುತ್ತಿರುವುದೂ ಅಷ್ಟೇ.

ಕಾರಟಗಿ ಚೀಲ

ಹತ್ತಕ್ಕೆ ಗಿರಣಿಯಲ್ಲಿರಬೇಕು. ಸೋಮವಾರ ಬಾ. ಬಿಳಿ ಅಂಗಿ ಬೇಡ, ಹೊಟ್ಟಿನ ಧೂಳು ಇರುತ್ತದೆ.

ಪಂಚಾಯಿತಿ ಬಾಗಿಲು, ಲಿಂಗಸುಗೂರು

ಕಡ್ಡಾಯ ಕನ್ನಡ ಪತ್ರಿಕೆಯನ್ನು ಮರೆಯಬೇಡ. 150ಕ್ಕೆ 50 ಬರದಿದ್ದರೆ ಉಳಿದದ್ದೆಲ್ಲ ನೀರಿನಲ್ಲಿ ಹೋಮ. ನಮ್ಮವರು ಹೊಡೆಸಿಕೊಳ್ಳುವುದೇ ಅಲ್ಲಿ.

ಕೌಲ್ ಬಜಾರ್ ಸೂಜಿ, ಬಳ್ಳಾರಿ

ಊರು ಏನೆನ್ನುತ್ತದೆ ಎಂದು ಬಂದು ಹೇಳು.

ಎಡದಂಡೆ

ಡಿಸೆಂಬರ್ ಮುಗಿಯುತ್ತಾ ಬಂತು, ಅಕ್ಕ. ಊರು ಏನೂ ಅನ್ನಲಿಲ್ಲ. ಊರೇ ಟ್ರ್ಯಾಕ್ಟರ್ ತುಂಬಿಕೊಂಡು ಗಿರಣಿಗೆ ಬರುತ್ತದೆ. ಮೊದಲು ‘ಏನು ಮಾಡುತ್ತಿದ್ದೀ?’ ಎನ್ನುತ್ತಿದ್ದವರು ಈಗ ‘ಎಷ್ಟು ಬಂತು?’ ಎನ್ನುತ್ತಾರೆ. ಒಂದು ಪಾಯಿಂಟ್ ಕಡಿಮೆ ಬರೆ ಎಂದು ಬೀಗರ ಕಡೆಯವರೊಬ್ಬರು ಕಿವಿಯಲ್ಲಿ ಹೇಳಿದರು. ನಾನು ಬರೆಯಲಿಲ್ಲ. ನಮ್ಮ ಸೋದರತ್ತೆಯ ಮನೆಗೆ ಈಗ ಹೋಗುವಂತಿಲ್ಲ.

ಬೆಳಗಿನ ನಾಲ್ಕು ಗಂಟೆಯಲ್ಲಿ ಏಳು ಗೀಟು ಬೀಳುತ್ತಿವೆ, ಮೇಷ್ಟ್ರೇ. ಕೆಲವು ದಿನ ಆರು. ಅರ್ಜಿ ಕರೆದರೆ ಇನ್ನೊಮ್ಮೆ ಬರೆಯುತ್ತೇನೆ, ಗೊತ್ತಿಲ್ಲದ್ದನ್ನು ಬಿಡುತ್ತೇನೆ. ಅಣೆಕಟ್ಟೆಯ ಗೇಟುಗಳನ್ನು ಬದಲಿಸಬೇಕೆಂದು ಎರಡನೆಯ ಬೆಳೆಗೆ ನೀರಿಲ್ಲ ಎಂದಿದ್ದಾರೆ. ಹಾಗಾಗಿ ಗಿರಣಿಯಲ್ಲಿ ಸಂಕ್ರಾಂತಿಯ ನಂತರ ನನಗೆ ಕೆಲಸ ಇರುತ್ತದೆಯೋ ಇಲ್ಲವೋ ತಿಳಿಯದು.

ಮೊನ್ನೆ ಗುರುವಾರ ಸಂಜೆ ಅಪ್ಪನೇ ಭತ್ತ ತಂದರು. ಅರವತ್ತು ಚೀಲ, ಬಾಡಿಗೆ ಟ್ರ್ಯಾಕ್ಟರ್. ನಾನು ಕಬ್ಬಿಣದ ಕೊಳವೆಯನ್ನು ಒಂದೊಂದೇ ಚೀಲಕ್ಕೆ ಚುಚ್ಚಿ, ಮೇಲಿನದು, ನಡುವಿನದು, ತಳದ್ದು ಎಂದು ಹಿಡಿ ಹಿಡಿ ತೆಗೆದು ತಟ್ಟೆಯಲ್ಲಿ ಕಲಸಿದೆ. ಬೇರೆಯವರ ಭತ್ತವಾದರೆ ಎರಡು ಕಾಳು ಅಂಗೈಯಲ್ಲಿ ತಿಕ್ಕಿ ಹೊಟ್ಟು ಊದಿ ಹಲ್ಲಿನಿಂದ ಕಚ್ಚಿ ನೋಡುತ್ತೇನೆ. ಒಣಗಿದ್ದರೆ ಕಟ್ ಎನ್ನುತ್ತದೆ. ಅಪ್ಪನ ಕಾಳು ಹಲ್ಲಿಗೆ ಮೆತ್ತಗೆ ಸಿಕ್ಕಿತು. ಎರಡು ದಿನ ಮೋಡವಿತ್ತು, ಒಣಗಿರಲಿಲ್ಲ. ಮೀಟರಿನ ಬಟ್ಟಲಿಗೆ ಹಾಕಿದೆ. 18.6. ಇನ್ನೊಂದು ಸಲ ಹಾಕಿದೆ. 18.6. ಅಪ್ಪ ಟ್ರ್ಯಾಕ್ಟರಿನ ಪಕ್ಕದಲ್ಲಿ ಟವೆಲ್ ಕೊಡವುತ್ತ ನಿಂತಿದ್ದರು, ನನ್ನ ಕಡೆ ನೋಡಲಿಲ್ಲ.

ಚೀಟಿಯಲ್ಲಿ 18.6 ಎಂದು ಬರೆದು ಕೊಟ್ಟೆ. ಓದಲು ಬಾರದ ಅವರು ಅದನ್ನು ತಿರುಗಿಸಿ ನೋಡಿ, ‘ಇಲ್ಲಿ ಸಹಿ ನಿನ್ನದೇ ಏನು?’ ಎಂದು ಕೇಳಿದರು. ಹೌದು ಎಂದೆ. ನಾಲ್ಕು ಮಡಿಕೆ ಮಾಡಿ ಒಳಜೇಬಿನಲ್ಲಿ ಇಟ್ಟುಕೊಂಡರು. ಆಮೇಲೆ ಚಹಾ ತರಿಸಲು ಹೇಳಿದರು, ದುಡ್ಡು ತಾವೇ ಕೊಡುತ್ತೇನೆ ಎಂದು ಹಟ ಮಾಡಿದರು.